ಪದಚರ್ಚೆ: ಗ್ನಾಸ್ಟಿಕರ ‘ಗ್ನೋಸಿಸ್’ಗೆ ಜ್ಞಾನ ಸಾಕೇ, ಅರಿವು ಬೇಕೇ?

ಬಳಗದವರಿಗೆ ನಮಸ್ಕಾರ.

ಕ್ರೈಸ್ತಮತದ ಮೊದಲ ಮೂರು ಶತಮಾನಗಳ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಗ್ನಾಸ್ಟಿಕರು, ಅಂದರೆ ‘ಗ್ನೋಸಿಸ್’ ಎಂಬ ಒಳತಿಳಿವಿನಿಂದಲೇ ಬಿಡುಗಡೆ ಎಂದು ನಂಬಿದ ಆ ಕಾಲದ ಪಂಥಗಳವರು, ಹೆಜ್ಜೆಹೆಜ್ಜೆಗೂ ಎದುರಾಗುತ್ತಾರೆ. ಇಂಗ್ಲಿಷ್ ಉಚ್ಚಾರಣೆಗೆ ನಿಷ್ಠರಾಗಿ ‘ನಾಸ್ಟಿಕ್’ ಎಂದು ಬರೆದರೆ ಕರಡು ತಿದ್ದುವವರ ಕೈಯಲ್ಲಿ ಅದು ‘ನಾಸ್ತಿಕ’ ಆಗಿಬಿಡುವ ಅಪಾಯವಿದೆ. ಲೋಕ ಸೃಷ್ಟಿಸಿದ ದೇವರ ಮೇಲೆ ಇನ್ನೊಬ್ಬ ದೇವರಿದ್ದಾನೆ ಎಂದವರಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಆದ್ದರಿಂದ ಗ್ರೀಕಿನ ಗಕಾರವನ್ನು ಉಳಿಸಿಕೊಂಡು ‘ಗ್ನಾಸ್ಟಿಕ್’ ಎಂದೇ ಬರೆಯುತ್ತಿದ್ದೇನೆ. ತಮಾಷೆಯೆಂದರೆ, ಈ ಪದದ ನಿಷೇಧರೂಪ ನಮ್ಮಲ್ಲಿ ಎಂದೋ ನೆಲೆಯೂರಿದೆ: ಅಜ್ಞೇಯತಾವಾದಿ. ಥಾಮಸ್ ಹಕ್ಸ್‌ಲಿ 1869ರಲ್ಲಿ ಅದರ ಇಂಗ್ಲಿಷ್ ಮೂಲವಾದ ‘ಅಗ್ನಾಸ್ಟಿಕ್’ ಪದವನ್ನು ಟಂಕಿಸಿದ್ದೇ ಚರ್ಚಿನ ಇತಿಹಾಸದ ಗ್ನಾಸ್ಟಿಕರಿಗೆ ಎದುರಾಗಿ. ಎದುರಾಳಿಗೆ ಕನ್ನಡದ ಹೆಸರು ಸಿಕ್ಕಿತು. ಮೂಲದವರು ಮಾತ್ರ ಇನ್ನೂ ಹೊಸ್ತಿಲಾಚೆಯೇ ನಿಂತಿದ್ದಾರೆ.

ಕೈಗೆ ತಕ್ಷಣ ಸಿಗುವ ಪದ ‘ಜ್ಞಾನವಾದಿ’. ವ್ಯುತ್ಪತ್ತಿಯ ಬೆಂಬಲವೂ ಅದಕ್ಕಿದೆ; ಗ್ನೋಸಿಸ್ ಮತ್ತು ಜ್ಞಾನ ಎರಡೂ ಒಂದೇ ಇಂಡೋ-ಯುರೋಪಿಯನ್ ಧಾತುವಿನಿಂದ ಬಂದವು. ನನ್ನ ತಕರಾರು ಅಲ್ಲಿಂದಲೇ ಶುರು. ಜ್ಞಾನ, ಮೋಕ್ಷ, ಅವಿದ್ಯೆ ಎಂದು ಅನುವಾದಿಸುತ್ತ ಹೋದರೆ ಎರಡನೆಯ ಪುಟದ ಹೊತ್ತಿಗೆ ಎರಡನೆಯ ಶತಮಾನದ ಗ್ನಾಸ್ಟಿಕ್ ಗುರು, ಅಲೆಕ್ಸಾಂಡ್ರಿಯಾದ ವ್ಯಾಲೆಂಟೈನಸ್ ಶೃಂಗೇರಿಯ ಶಿಷ್ಯನಂತೆ ಮಾತನಾಡತೊಡಗುತ್ತಾನೆ. ಓದುಗನಿಗೆ ಹಿತವಾಗಿರುತ್ತದೆ, ನಿಜ. ಆದರೆ ವ್ಯಾಲೆಂಟೈನಸ್ ಹೇಳಿದ್ದು ಅದಲ್ಲ.

ಒಂದು ಉದಾಹರಣೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಊರಿನ ಬಳಿ ಮಣ್ಣಿನ ಜಾಡಿಯೊಳಗೆ ಕಾಪ್ಟಿಕ್ ಭಾಷೆಯ 13 ಹೊತ್ತಗೆಗಳು ಸಿಕ್ಕವು. ಅವುಗಳಲ್ಲಿನ, ವ್ಯಾಲೆಂಟೈನಸನ ಪಂಥದ್ದೆಂದು ಎಣಿಸಲಾಗುವ ‘ಸತ್ಯದ ಸುವಾರ್ತೆ’ ಅಜ್ಞಾನವನ್ನು ದುಃಸ್ವಪ್ನಕ್ಕೆ ಹೋಲಿಸುತ್ತದೆ. ಮಲಗಿದವನು ಎಲ್ಲಿಗೋ ಓಡುತ್ತಿದ್ದಾನೆ, ಯಾರನ್ನೋ ಹೊಡೆಯುತ್ತಿದ್ದಾನೆ, ತಾನೇ ಹೊಡೆತ ತಿನ್ನುತ್ತಿದ್ದಾನೆ, ಎತ್ತರದಿಂದ ಬೀಳುತ್ತಿದ್ದಾನೆ, ರೆಕ್ಕೆಯಿಲ್ಲದೆ ಹಾರುತ್ತಿದ್ದಾನೆ. ಅಟ್ಟಿಸಿಕೊಂಡು ಬರುವವರು ಯಾರೂ ಇಲ್ಲದಿದ್ದರೂ ತನ್ನನ್ನು ಕೊಲ್ಲುತ್ತಿದ್ದಾರೆ ಎನಿಸುತ್ತದೆ. ನೆರೆಯವನನ್ನು ತಾನೇ ಕೊಂದು ಮೈಯೆಲ್ಲ ರಕ್ತವಾದಂತೆಯೂ ಎನಿಸುತ್ತದೆ. ಎಚ್ಚರವಾದರೆ ಏನೂ ಇಲ್ಲ. ಇದನ್ನು ಓದಿದ ಕನ್ನಡಿಗನಿಗೆ ಗೌಡಪಾದರ ಮಾಂಡೂಕ್ಯ ಕಾರಿಕೆಯ ಸ್ವಪ್ನವಿಚಾರ ನೆನಪಾಗದೇ ಇರದು. ಆದರೆ ಪಕ್ಕಪಕ್ಕದಲ್ಲಿಟ್ಟು ನೋಡಿ. ಗೌಡಪಾದರದು ತರ್ಕ: ಕನಸಿನಲ್ಲಿ ಕಂಡ ದೂರದ ಊರಿಗೆ ಹೋಗಿ ಬರುವಷ್ಟು ಕಾಲ ಕಳೆದಿರುವುದಿಲ್ಲ, ಎಚ್ಚೆತ್ತವನು ಆ ಊರಿನಲ್ಲಿ ಇರುವುದೂ ಇಲ್ಲ, ಆದ್ದರಿಂದ ಕಂಡದ್ದು ಮಿಥ್ಯೆ. ಸುವಾರ್ತೆಯಲ್ಲಿ ಪ್ರಮಾಣದ ಮಾತೇ ಇಲ್ಲ, ಇರುವುದೆಲ್ಲ ದಿಗಿಲು. ತಂದೆಯನ್ನು, ಅಂದರೆ ಪರಮದೇವರನ್ನು, ಅರಿಯದ ಸಂಕಟವೇ ಮಂಜಿನಂತೆ ಗಟ್ಟಿಯಾಗಿ ಯಾರಿಗೂ ಏನೂ ಕಾಣದಂತಾಯಿತು ಎನ್ನುತ್ತದೆ ಅದು. ಇಲ್ಲಿ ಅಜ್ಞಾನವೆಂದರೆ ತಪ್ಪು ಗ್ರಹಿಕೆ ಮಾತ್ರವಲ್ಲ, ತಂದೆಯಿಂದ ದೂರವಾದ ಮಗುವಿನ ಭಯವೂ ಹೌದು. ‘ಅವಿದ್ಯೆ’ ಎಂಬ ಪದ ಆ ಭಯವನ್ನು ಒರೆಸಿ ಹಾಕುತ್ತದೆ.

ಎರಡನೆಯ ತೊಡಕು ಸೃಷ್ಟಿಕರ್ತನದು. ಅದ್ವೈತದ ಈಶ್ವರನಿಗೆ ಮಾಯೆ ಅಧೀನ, ಅವನು ಸರ್ವಜ್ಞ. ಗ್ನಾಸ್ಟಿಕ್ ಕಥೆಗಳಲ್ಲಿ ಲೋಕವನ್ನು ಮಾಡಿದವನೇ ಅಜ್ಞಾನಿ. ‘ಯೋಹಾನನ ಗುಪ್ತಗ್ರಂಥ’ದಲ್ಲಿ ಯಾಲ್ದಬವೋಥ್ ಎಂಬ ಆ ಸೃಷ್ಟಿಕರ್ತ, ತಾನು ಅಸೂಯೆಯುಳ್ಳ ದೇವರು, ತನ್ನ ಹೊರತು ಬೇರೆ ದೇವರಿಲ್ಲ ಎಂದು ಘೋಷಿಸುತ್ತಾನೆ. ಗ್ರಂಥ ತಕ್ಷಣ ಚುಚ್ಚುತ್ತದೆ: ಬೇರೆ ಯಾರೂ ಇಲ್ಲದಿದ್ದರೆ ಅಸೂಯೆ ಯಾರ ಮೇಲೆ? ಹಳೆಯ ಒಡಂಬಡಿಕೆಯ ದೇವರ ಮಾತನ್ನೇ ಅವನ ಬಾಯಿಗಿಟ್ಟು ನಗುವ ಈ ಧೈರ್ಯ ಆರಂಭಿಕ ಚರ್ಚನ್ನು ಎಷ್ಟು ಕೆರಳಿಸಿರಬೇಕು ಎಂದು ಊಹಿಸಬಹುದು. ಈ ದೇವರಿಗೆ ಗ್ರೀಕಿನಲ್ಲಿ ಡೆಮಿಯೂರ್ಗೋಸ್ ಎಂದು ಹೆಸರು. ಪ್ಲೇಟೋನ ‘ಟಿಮೇಯಸ್’ನಿಂದ ಬಂದ ಪದ, ಕುಶಲಕರ್ಮಿ ಎಂದು ಅರ್ಥ, ಅಲ್ಲಿ ಅವನು ಸಜ್ಜನ. ‘ಬ್ರಹ್ಮ’ ಎನ್ನಲಾಗದು, ಪರಬ್ರಹ್ಮನ ಜೊತೆ ಗೊಂದಲವಾಗುತ್ತದೆ. ‘ವಿಶ್ವಕರ್ಮ’ ಪ್ಲೇಟೋನ ಸಜ್ಜನನಿಗೆ ಚೆನ್ನಾಗಿ ಒಪ್ಪುತ್ತದೆ; ಆದರೆ ಒಂದು ಸಮುದಾಯ ಪೂಜಿಸುವ ಹೆಸರನ್ನು ಕುರುಡು ದೇವರಿಗೆ ಕೊಡಲು ನನಗೆ ಮನಸ್ಸಿಲ್ಲ. ನನ್ನ ಸೂಚನೆ: ‘ರೂವಾರಿ’. ಹೊಯ್ಸಳರ ಕಾಲದ ಶಾಸನಗಳಲ್ಲಿ ಶಿಲ್ಪಿಗೆ ರೂವಾರಿ ಎಂಬ ಹೆಸರಿದೆ. ಇಂದಿನ ಪತ್ರಿಕೆಗಳಲ್ಲಿ ಯೋಜನೆಗೂ ರೂವಾರಿ ಇರುತ್ತಾನೆ, ಸಂಚಿಗೂ ರೂವಾರಿ ಇರುತ್ತಾನೆ. ಪ್ಲೇಟೋನಿಂದ ಗ್ನಾಸ್ಟಿಕರವರೆಗೆ ಡೆಮಿಯೂರ್ಗೋಸ್ ನಡೆದ ದಾರಿಯನ್ನು ಈ ಪದ ಕನ್ನಡದಲ್ಲಿ ತಾನಾಗಿಯೇ ನಡೆದುಬಿಟ್ಟಿದೆ. ಆಕ್ಷೇಪವಿದ್ದರೆ ತಿಳಿಸಿ.

ಮೂರನೆಯದು, ‘ಜ್ಞಾನವಾದಿ’ ಎಂದು ಗ್ನಾಸ್ಟಿಕರನ್ನಷ್ಟೇ ಕರೆದರೆ ಆರಂಭಿಕ ಕ್ರೈಸ್ತರು ಜ್ಞಾನವನ್ನು ಬಿಟ್ಟುಕೊಟ್ಟು ಬರೀ ವಿಶ್ವಾಸ ಹಿಡಿದು ಕೂತಿದ್ದರು ಎಂಬ ಭಾವನೆ ಬರುತ್ತದೆ. ಹಾಗಿರಲಿಲ್ಲ. ಜ್ಞಾನ ಉಬ್ಬಿಸುತ್ತದೆ, ಪ್ರೀತಿ ಕಟ್ಟುತ್ತದೆ ಎಂದು ಪೌಲನು ಕೊರಿಂಥದವರಿಗೆ ಬರೆದನು ನಿಜ; ಆದರೆ ಅವನೇ ಜ್ಞಾನವನ್ನು ಆತ್ಮದ ವರಗಳಲ್ಲಿ ಒಂದಾಗಿ ಎಣಿಸುತ್ತಾನೆ. ತಿಮೊಥೆಯನಿಗೆ ಬರೆದ ಮೊದಲ ಪತ್ರ ಎಚ್ಚರಿಸುವುದು ‘ಜ್ಞಾನವೆಂದು ಸುಳ್ಳು ಹೆಸರಿಟ್ಟುಕೊಂಡದ್ದರ’ ವಿರುದ್ಧ. ಸುಮಾರು 180ರಲ್ಲಿ ಲಿಯೋನ್‌ನ ಬಿಷಪ್ ಇರೇನೇಯಸ್ ಗ್ನಾಸ್ಟಿಕರ ವಿರುದ್ಧದ ತನ್ನ ಖಂಡನಗ್ರಂಥದ ಹೆಸರಿಗೆ ಹಿಡಿದದ್ದೂ ಅದೇ ಮಾತನ್ನು. ಚರ್ಚಿನ ಪಂಡಿತ, ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್ ಇನ್ನೂ ಮುಂದೆ ಹೋಗಿ, ಪರಿಪಕ್ವ ಕ್ರೈಸ್ತನನ್ನೇ ‘ಗ್ನಾಸ್ಟಿಕ್’ ಎಂದು ಕರೆದನು. ಯೋಹಾನನ ಸುವಾರ್ತೆಯ ಜಾಣತನ ನನಗೆ ತುಂಬ ಇಷ್ಟ: ಅರಿಯುವ ಕ್ರಿಯಾಪದ ಅಲ್ಲಿ ಮತ್ತೆಮತ್ತೆ ಬರುತ್ತದೆ, ಗ್ನೋಸಿಸ್ ಎಂಬ ನಾಮಪದ ಒಂದು ಬಾರಿಯೂ ಬರುವುದಿಲ್ಲ. ಜಗಳ ನಡೆದದ್ದು ಜ್ಞಾನ ಬೇಕೇ ಬೇಡವೇ ಎಂದಲ್ಲ, ಈ ಪದ ಯಾರದು ಎಂದು.

ಇದೆಲ್ಲ ನೋಡಿದ ಮೇಲೆ ನಾನು ‘ಅರಿವು’ ಕಡೆಗೆ ವಾಲಿದ್ದೇನೆ. ಕಾರಣ ವ್ಯಾಕರಣದಲ್ಲಿದೆ. ‘ಅವನನ್ನು ನಾನರಿಯೆ’ ಎನ್ನುತ್ತೇವೆ. ಅರಿ ಧಾತು ವ್ಯಕ್ತಿಯನ್ನು ನೇರವಾಗಿ ಕರ್ಮವಾಗಿ ತೆಗೆದುಕೊಳ್ಳುತ್ತದೆ. ಜ್ಞಾನಕ್ಕಾದರೆ ‘ಅವನ ಬಗ್ಗೆ’ ಎಂಬ ಊರುಗೋಲು ಬೇಕು. ಗ್ನೋಸಿಸ್ ಮುಖಪರಿಚಯದ ತಿಳಿವು, ಮಾಹಿತಿಯಲ್ಲ. ಸೂಫಿಗಳು ಇಲ್ಮ್ (ಕಲಿತ ವಿದ್ಯೆ) ಬೇರೆ, ಮಾರಿಫತ್ (ನೇರ ಅರಿವು) ಬೇರೆ ಎಂದು ಇಟ್ಟುಕೊಂಡದ್ದೂ ಈ ವ್ಯತ್ಯಾಸಕ್ಕಾಗಿಯೇ. (ದೇವರನ್ನು ನೇರವಾಗಿ ಅರಿಯುವ ಆ ಮಾರಿಫತ್ ನಮ್ಮ ಕಾಗದಪತ್ರಗಳಲ್ಲಿ ‘ಇಂಥವರ ಮಾರ್ಫತ್’ ಆಗಿ ಮಧ್ಯವರ್ತಿಯ ಕೆಲಸ ಮಾಡಿಕೊಂಡಿದೆ!) ಇರಾಕ್ ಮತ್ತು ಇರಾನಿನ ಮಂಡಾಯಿಗಳು ಇಂದಿಗೂ ಉಳಿದಿರುವ ಗ್ನಾಸ್ಟಿಕ್ ಪಂಥ, ಹರಿಯುವ ನೀರಿನಲ್ಲಿ ಮತ್ತೆಮತ್ತೆ ದೀಕ್ಷಾಸ್ನಾನ ಮಾಡುವವರು. ಅವರ ಹೆಸರಿನ ‘ಮಂಡಾ’ ಎಂದರೂ ಅರಿವೇ.

‘ಅರಿವು’ ಕೂಡ ಬರಿಗೈಯಲ್ಲಿ ಬರುವುದಿಲ್ಲ ಎನ್ನುವವರಿಗೆ ನನ್ನ ಒಪ್ಪಿಗೆ ಇದೆ. ವಚನಕಾರರಲ್ಲಿ ಅರಿವಿನ ಜೊತೆ ಆಚಾರ ಅಂಟಿಕೊಂಡೇ ಇರುತ್ತದೆ. ಇರೇನೇಯಸ್ ವ್ಯಾಲೆಂಟೈನಸನ ಶಿಷ್ಯರ ಮೇಲೆ ಹೊರಿಸಿದ ದೂರು ಇದಕ್ಕೆ ಸರಿಯಾಗಿ ಉಲ್ಟಾ: ಕೊಚ್ಚೆಯಲ್ಲಿ ಬಿದ್ದರೂ ಚಿನ್ನ ಚಿನ್ನವೇ, ಹಾಗೆಯೇ ಆತ್ಮಸ್ವಭಾವದವರು ಏನು ಮಾಡಿದರೂ ಕೆಡುವುದಿಲ್ಲ ಎಂದು ಅವರು ಹೇಳುತ್ತಾರಂತೆ. ದೂರು ಕೊಟ್ಟವನು ಎದುರಾಳಿ. ನಾಗ್ ಹಮ್ಮಾದಿಯ ಹೊತ್ತಗೆಗಳಲ್ಲಿ ಸ್ವೇಚ್ಛೆಗಿಂತ ಕಟ್ಟುನಿಟ್ಟಿನ ವೈರಾಗ್ಯವೇ ಹೆಚ್ಚು ಕಾಣುತ್ತದೆ. ಆದ್ದರಿಂದ ಅರಿವಿನ ಈ ಹೊರೆಯನ್ನು ಹೊರಬಹುದು ಎಂದು ನನ್ನ ಲೆಕ್ಕ.

ಉಳಿದ ಪ್ರಶ್ನೆಗಳು ಎರಡು. ಗ್ನಾಸ್ಟಿಕರು ಪರಮದೇವರ ಲೋಕವನ್ನು ಕರೆಯುವ ‘ಪ್ಲೆರೋಮಾ’ಕ್ಕೆ ‘ಪೂರ್ಣ’ ಎಂದರೆ ‘ಪೂರ್ಣಮದಃ ಪೂರ್ಣಮಿದಂ’ ಕಿವಿಗೆ ಬೀಳುತ್ತದೆ. ಅಲ್ಲಿ ಅದೂ ಪೂರ್ಣ, ಇದೂ ಪೂರ್ಣ. ಗ್ನಾಸ್ಟಿಕರಿಗೆ ಅದು ಮಾತ್ರ ಪೂರ್ಣ, ಇದು ಬರಿದು. ‘ತುಂಬುನೆಲೆ’ ಎಂದು ಬರೆದು ನೋಡಿದ್ದೇನೆ. ನಡೆಯುತ್ತದೆಯೇ?

ಇನ್ನೊಂದು, ನಾಗ್ ಹಮ್ಮಾದಿಯಲ್ಲೇ ಸಿಕ್ಕ ತೋಮನ ಸುವಾರ್ತೆಯ ಮೂರನೆಯ ಉಕ್ತಿ. ನಿಮ್ಮನ್ನು ನೀವು ಅರಿತಾಗ ನೀವೂ ‘ಅರಿಯಲ್ಪಡುವಿರಿ’ ಎನ್ನುತ್ತದೆ ಅದು. ವ್ಯಾಕರಣ ಸರಿ, ಕಿವಿ ಒಪ್ಪುವುದಿಲ್ಲ. ‘ನಿಮ್ಮ ಗುರುತೂ ಹತ್ತುತ್ತದೆ’ ಎಂದರೆ ಓಟ ಚೆನ್ನಾಗಿದೆ, ಆದರೆ ಒಂದೇ ಕ್ರಿಯಾಪದ ಕರ್ತರಿಯಿಂದ ಕರ್ಮಣಿಗೆ ತಿರುಗುವ ಸೊಗಸು ಹೋಗುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೆಯ ಅಧ್ಯಾಯದಲ್ಲೂ ಇದೇ ಜೋಡಿಯಿದೆ. ಎರಡು ಕಡೆಯೂ ಒಂದೇ ರೂಪ ಬಳಸಿದರೆ ಪೌಲನೂ ತೋಮನ ಉಕ್ತಿಯೂ ಎಷ್ಟು ಹತ್ತಿರವಿದ್ದವು ಎಂಬುದು ಓದುಗನಿಗೆ ಕಾಣುತ್ತದೆ. ‘ಅಲ್ಪಡು’ ಇಲ್ಲದೆ ಇದನ್ನು ಸಾಧಿಸುವ ದಾರಿ ಹಳಗನ್ನಡ ಬಲ್ಲವರಿಗೆ ಗೊತ್ತಿದ್ದರೆ ದಯವಿಟ್ಟು ಬರೆಯಿರಿ.