ಬರೀ ಬೆಳ್ಳುಳ್ಳಿ ಮೇಲೆ ಬರೆದಿರೋ ಅಡುಗೆ ಪುಸ್ತಕ ತಗೊಳ್ಬಹುದಾ?

ಘಮಘಮ:
ಎಲ್ರಿಗೂ ನಮಸ್ಕಾರ. ಒಂದೇ ಪದಾರ್ಥ ಹಿಡ್ಕೊಂಡು ಬರೆಯೋ ಅಡುಗೆ ಪುಸ್ತಕಗಳು ಇರ್ತವಲ್ಲ, ಮೊಟ್ಟೆದೇ ಒಂದು, ಚಾಕೊಲೇಟ್‌ದೇ ಒಂದು ಅಂತ, ಹಾಗೆ ಬೆಳ್ಳುಳ್ಳಿದು ಒಂದು ತಗೋಬೇಕು ಅಂತ ನಂಗೆ ತುಂಬಾ ಆಸೆ. ಆದ್ರೆ ಬೆಳ್ಳುಳ್ಳಿ ಹೇಗಿದ್ರೂ ಅರ್ಧಕ್ಕರ್ಧ ಅಡುಗೆಗೆ ಬೀಳುತ್ತೆ, ಅದಕ್ಕೆ ಅಂತಾನೇ ಇಡೀ ಪುಸ್ತಕ ಬೇಕಾ, ಇಲ್ಲ ಮಾಮೂಲಿ ರೆಸಿಪಿಗೇ ನಾಲ್ಕು ಎಸಳು ಜಾಸ್ತಿ ಹಾಕಿ ಪುಟ ತುಂಬಿಸಿರ್ತಾರಾ? ಏನು ನೋಡಿ ತಗೋಬೇಕು ಅಂತ ಗೊತ್ತಿರೋರು ಹೇಳಿ ಪ್ಲೀಸ್.

ಪುಸ್ತಕದಹುಳು:
ಖಂಡಿತ ತಗೊಳ್ಳಿ, ಆದ್ರೆ ಒಳಗಡೆ ತೆರೆದು ನೋಡಿ ತಗೊಳ್ಳಿ. ಯಾವ್ದಾದ್ರೂ ನಾಲ್ಕೈದು ರೆಸಿಪಿ ಓದಿ, ಅದ್ರಲ್ಲಿ ಬೆಳ್ಳುಳ್ಳಿ ತೆಗೆದುಬಿಟ್ರೆ ಏನಾಗುತ್ತೆ ಅಂತ ಯೋಚ್ನೆ ಮಾಡಿ. ಏನೂ ಆಗಲ್ಲ ಅನ್ನಿಸಿದ್ರೆ ಅದು ಬೆಳ್ಳುಳ್ಳಿ ಪುಸ್ತಕನೇ ಅಲ್ಲ, ವಾಪಸ್ ಇಟ್ಬಿಡಿ.

ಒಳ್ಳೆ ಪುಸ್ತಕ ಅಂದ್ರೆ ಈ ಗಡ್ಡೆ ಒಳಗೆ ಏನು ನಡೆಯುತ್ತೆ ಅಂತ ಮೊದ್ಲು ಹೇಳ್ಬೇಕು. ಸಿಪ್ಪೆ ಸುಲಿದ ಎಸಳಿಗೆ ಅಷ್ಟೇನೂ ಘಾಟಿರಲ್ಲ ಅಲ್ವಾ, ಜಜ್ಜಿದ ತಕ್ಷಣ ಮೂಗಿಗೆ ಹೊಡೆಯುತ್ತೆ, ಯಾಕಂದ್ರೆ ಅದ್ರಲ್ಲಿರೋ ಆಲಿಯಿನ್ ಅನ್ನೋ ಗಂಧಕದ ಅಂಶ ಮತ್ತೆ ಆಲಿನೇಸ್ ಅನ್ನೋ ಎಂಜೈಮ್ ಬೇರೆ ಬೇರೆ ಕಡೆ ಕೂತಿರ್ತವೆ, ಜಜ್ಜಿದಾಗ ಎರಡೂ ಸೇರಿ ಆಲಿಸಿನ್ ಹುಟ್ಟುತ್ತೆ, ಘಾಟು ಅದರದ್ದೇ. ಆ ಎಂಜೈಮ್ ಬಿಸಿ ತಡೆಯಲ್ಲ. ಅದಕ್ಕೇ ಇಡೀ ಗಡ್ಡೆನ ಹಾಗೇ ಒಲೆಗೆ ಹಾಕಿ ನಿಧಾನಕ್ಕೆ ಬೇಯಿಸಿದ್ರೆ ಬೆಣ್ಣೆ ಥರ ಮೆತ್ತಗಾಗಿ ಸಿಹಿ ಬರುತ್ತೆ, ಅದೇ ಎಸಳುಗಳನ್ನ ಹಸಿಯಾಗಿ ಅರೆದು ಸಾಸ್‌ಗೆ ಹಾಕಿದ್ರೆ ಕಣ್ಣಲ್ಲಿ ನೀರು ಬರುತ್ತೆ. ತೆಳ್ಳಗೆ ಹೆಚ್ಚೋದು, ಜಜ್ಜೋದು, ತುರಿಯೋದು ಎಲ್ಲದಕ್ಕೂ ರುಚಿ ಬೇರೆ ಬೇರೆ. ಅಧ್ಯಾಯಗಳನ್ನ ಸೂಪು, ಮಾಂಸ, ಸಿಹಿ ಅಂತ ಮಾಡ್ದೆ ಹಸಿದು, ಎಣ್ಣೆಲಿ ಹುರಿದಿದ್ದು, ಇಡಿಯಾಗಿ ಬೇಯಿಸಿದ್ದು ಅಂತ ಮಾಡಿದ್ರೆ ಬರೆದವ್ರಿಗೆ ವಿಷಯ ಗೊತ್ತು ಅಂತ ಅರ್ಥ, ನಾನಂತೂ ಅಂಥದ್ದನ್ನ ಯೋಚ್ನೆ ಮಾಡ್ದೆ ತಗೋತೀನಿ.

ಸಾದಾಅಡುಗೆ:
ನಾನು ಇದನ್ನ ಪೂರ್ತಿ ಒಪ್ಪಲ್ಲ. ಅಷ್ಟು ವಿಷಯ ಒಂದು ಒಳ್ಳೆ ಸಾಮಾನ್ಯ ಅಡುಗೆ ಪುಸ್ತಕದಲ್ಲೂ ನಾಲ್ಕು ಪುಟದಲ್ಲಿ ಬರುತ್ತೆ. ಒಂದೇ ಪದಾರ್ಥ ಅಂದ್ರೆ ಮುಕ್ಕಾಲು ಪುಸ್ತಕ ಮುಗಿಯೋ ಹೊತ್ತಿಗೆ ಸರಕು ಖಾಲಿ, ಆಮೇಲೆ ಬೆಳ್ಳುಳ್ಳಿ ಐಸ್‌ಕ್ರೀಮ್ ಅಂತ ಶುರುವಾಗುತ್ತೆ, ಅದನ್ನ ಮನೇಲಿ ಎರಡನೇ ಸಲ ಯಾರು ಮಾಡ್ತಾರೆ? ಕಪ್ಪು ಬೆಳ್ಳುಳ್ಳಿನೂ ಅಷ್ಟೇ, ಮಾಮೂಲಿ ಗಡ್ಡೆನೇ ಕಪ್ಪಾಗೋ ತನಕ 60ರಿಂದ 90 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ತೇವ ಆರದ ಹಾಗೆ ವಾರಗಟ್ಲೆ ಇಡ್ಬೇಕು, ಮಾಮೂಲಿ ಅಡುಗೆಮನೇಲಿ ಆಗೋ ಮಾತಲ್ಲ. ಲೈಬ್ರರಿಲಿ ಸಿಕ್ರೆ ಮೊದ್ಲು ಅಲ್ಲಿಂದ ತಂದು ಓದಿ.

ಅಡುಗೆಕೆಮಿಸ್ಟ್ರಿ:
ಇಬ್ರೂ ಹೇಳಿರೋದು ಸರಿ, ಆದ್ರೆ ನಾನು ಮೊದ್ಲು ತೆಗೆಯೋದು ಬೆಳ್ಳುಳ್ಳಿ ಎಣ್ಣೆ ಇರೋ ಪುಟ. ಹಸಿ ಎಸಳನ್ನ ಎಣ್ಣೆಲಿ ಮುಳುಗಿಸಿ ಹೊರಗಡೆ ಶೆಲ್ಫ್‌ನಲ್ಲಿ ಇಡಿ ಅಂತ ಬರೆದಿದ್ರೆ ಆ ಪುಸ್ತಕ ದಯವಿಟ್ಟು ಬೇಡ. ಮಣ್ಣಲ್ಲಿ ಬೆಳೆಯೋ ಗಡ್ಡೆ, ಹುಳಿ ಕಮ್ಮಿ, ಎಣ್ಣೆ ಒಳಗೆ ಗಾಳಿ ಆಡಲ್ಲ, ಬಾಟ್ಯುಲಿಸಂ ಅನ್ನೋ ಜೀವಕ್ಕೇ ಕುತ್ತಾಗೋ ಆಹಾರ ವಿಷ ತರೋ ಬ್ಯಾಕ್ಟೀರಿಯಾಗೆ ಇಷ್ಟೇ ಬೇಕಾಗಿರೋದು, ವಾಸನೆ ನೋಡಿ ಗೊತ್ತಾಗುತ್ತೆ ಅಂತ ನಂಬೋ ಹಾಗೂ ಇಲ್ಲ. ಅಮೆರಿಕದಲ್ಲಿ ಆಹಾರ, ಔಷಧದ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ 1989ರಲ್ಲೇ ಮಾರಾಟಕ್ಕಿರೋ ಇಂಥ ಬಾಟಲಿಗಳಿಗೆ ಆಸಿಡ್ ಥರದ್ದು ಏನಾದ್ರೂ ಸೇರಿಸ್ಲೇಬೇಕು ಅಂತ ಹೇಳ್ತು. ಮನೇಲಿ ಮಾಡಿದ್ರೆ ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ, ಜಾಸ್ತಿ ದಿನಕ್ಕೆ ಬೇಕಂದ್ರೆ ಫ್ರೀಜರ್‌ಗೆ ಹಾಕಿ. ಈ ಎಚ್ಚರಿಕೆ ಸ್ಪಷ್ಟವಾಗಿ ಬರೆದಿರೋ ಲೇಖಕರನ್ನ ಮಿಕ್ಕಿದ್ರಲ್ಲೂ ನಂಬ್ತೀನಿ. ಇನ್ನು ಬೆಳ್ಳುಳ್ಳಿ ತಿಂದ್ರೆ ಎಲ್ಲಾ ಕಾಯಿಲೆ ವಾಸಿ ಅನ್ನೋ ಅಧ್ಯಾಯ ಇದ್ರೆ ದಾಟ್ಕೊಂಡು ಹೋಗಿ, ಅದ್ರಲ್ಲೂ ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು ಡಾಕ್ಟರ್‌ನ ಕೇಳ್ದೆ ಹಸಿ ಬೆಳ್ಳುಳ್ಳಿ ಜಾಸ್ತಿ ತಿನ್ಬೇಡಿ.

ಘಮಘಮ:
ತುಂಬಾ ಥ್ಯಾಂಕ್ಸ್, ಎಣ್ಣೆ ವಿಷಯ ಗೊತ್ತೇ ಇರ್ಲಿಲ್ಲ. ಹಂಗಾದ್ರೆ ವಿನಿಗರ್‌ಗೆ ಹಾಕಿದಾಗ ಬೆಳ್ಳುಳ್ಳಿ ಹಸಿರು ನೀಲಿ ಆಗುತ್ತಲ್ಲ, ಅದೂ ಕೆಟ್ಟಿದೆ ಅಂತಾನಾ?

ಅಡುಗೆಕೆಮಿಸ್ಟ್ರಿ:
ಇಲ್ಲ ಇಲ್ಲ, ಅದು ಗಂಧಕದ ಅಂಶಗಳು ಅಮೈನೋ ಆಸಿಡ್ ಜೊತೆ ಸೇರಿ ಬರೋ ಬಣ್ಣ ಅಷ್ಟೇ, ಆರಾಮಾಗಿ ತಿನ್ನಿ. ಪುಸ್ತಕದಲ್ಲಿ ಉಪ್ಪಿನಕಾಯಿ ಭಾಗ ಇದ್ರೆ ಇದನ್ನ ಬರೆದಿದಾರಾ ಅಂತಾನೂ ನೋಡಿ.