ಸಹಾಯ ಬೇಕು: ಜೆಲಾಟಿನ್ ಇಲ್ಲದ ಮಿಂಟ್ ಮತ್ತು ಗಮ್ಮಿಗಳು

ಎಲ್ಲರಿಗೂ ನಮಸ್ಕಾರ. ಕಟ್ಟಾ ಸಸ್ಯಾಹಾರಿ ಮಕ್ಕಳಿಗಾಗಿ ಸಿಹಿತಿನಿಸುಗಳ ಉಡುಗೊರೆ ಡಬ್ಬಿಯೊಂದನ್ನು ತುಂಬಿಸಬೇಕಾಗಿದೆ. ಸುಲಭದ ಕೆಲಸವೆಂದುಕೊಂಡು ಹೊರಟರೆ ಪೊಟ್ಟಣಗಳ ಹಿಂಬದಿ ಓದುವುದರಲ್ಲೇ ದಿನ ಕಳೆಯುತ್ತಿದೆ.

ಹರೀಬೋ ಕಂಪನಿಯ ಪ್ರಸಿದ್ಧ ಕರಡಿಯಾಕಾರದ ಗಮ್ಮಿಗಳಲ್ಲಿ (ಜಗಿಯುವ ಮೆತ್ತನೆಯ ಮಿಠಾಯಿ) ಜೆಲಾಟಿನ್ ಇರುವುದು ಗೊತ್ತಿತ್ತು. ಆದರೆ ಆಲ್ಟಾಯ್ಡ್ಸ್ ಪೆಪ್ಪರ್‌ಮಿಂಟ್‌ನಲ್ಲೂ ಅದಿದೆ! ಪ್ರಾಣಿಗಳ ಚರ್ಮ, ಮೂಳೆಗಳಿಂದ ತಯಾರಾಗುವ ವಸ್ತುವಿಗೆ ಗಟ್ಟಿ ಮಿಂಟ್‌ನಲ್ಲೇನು ಕೆಲಸವೋ. ಇನ್ನು ಕೆಂಪು ಬಣ್ಣದ ಮಿಠಾಯಿಗಳಲ್ಲಿ ಇ120 ಎಂದಿದ್ದರೆ ಅದು ಕಾರ್ಮೈನ್, ಕೀಟದಿಂದ ತೆಗೆದ ಬಣ್ಣ. ಹೊಳಪಿಗೆ ಬಳಸುವ ಇ904 ಅರಗಿನ ಹುಳುವಿನ ಕೊಡುಗೆ.

ಸಕ್ಕರೆರಹಿತ ಮಿಂಟ್‌ಗಳನ್ನು ಸೂಚಿಸಬೇಡಿ. ಅವುಗಳಲ್ಲಿ ಸಕ್ಕರೆಯ ಬದಲು ಬಳಸುವ ಸಾರ್ಬಿಟಾಲ್ ಹೆಚ್ಚಾದರೆ ಮಕ್ಕಳ ಹೊಟ್ಟೆ ಕೆಡುತ್ತದೆ.

ನನಗೆ ಬೇಕಾದದ್ದು ಇಷ್ಟು: ಜೆಲಾಟಿನ್ ಬದಲು ಪೆಕ್ಟಿನ್ (ಹಣ್ಣುಗಳಿಂದ ತೆಗೆದ ಅಂಟು ಪದಾರ್ಥ) ಬಳಸಿದ, ಹಣ್ಣಿನ ರುಚಿಯ ಗಮ್ಮಿಗಳಲ್ಲಿ ನೀವು ತಿಂದು ಮೆಚ್ಚಿದ್ದು ಯಾವುದು? ಪೆಕ್ಟಿನ್ ಗಮ್ಮಿ ಹಲ್ಲಿಗೆ ಅಷ್ಟಾಗಿ ಜಗ್ಗುವುದಿಲ್ಲ, ಅದಕ್ಕೆ ನನ್ನ ತಕರಾರಿಲ್ಲ. ಮೊಟ್ಟೆಯಿಲ್ಲದ ಚಾಕೊಲೇಟ್ ಮಿಂಟ್ ಕುಕೀ ಮನೆಯಲ್ಲೇ ಮಾಡುವವರಿದ್ದರೆ, ಪೆಪ್ಪರ್‌ಮಿಂಟ್ ಸಾರವನ್ನು ಒಂದು ಕಪ್ ಹಿಟ್ಟಿಗೆ ಎಷ್ಟು ಹಾಕುತ್ತೀರಿ? ಸ್ವಲ್ಪ ಹೆಚ್ಚಾದರೂ ಹಲ್ಲುಜ್ಜುವ ಪೇಸ್ಟ್ ತಿಂದಂತಾಗುತ್ತದೆ. ಸ್ಪಿಯರ್‌ಮಿಂಟ್ ಬಳಸಿದರೆ ಘಾಟು ಕಡಿಮೆ, ಏಕೆಂದರೆ ಅದರಲ್ಲಿ ಬಾಯಿಗೆ ತಂಪೆನಿಸುವ ಮೆಂಥಾಲ್ ಬಹಳ ಕಡಿಮೆ. ಆದರೆ ಚಾಕೊಲೇಟ್ ಜೊತೆ ಅದು ಹೊಂದುತ್ತದೆಯೇ?

ಹೆಸರು ಹೇಳುವಾಗ ದಯವಿಟ್ಟು ಪದಾರ್ಥಗಳ ಪಟ್ಟಿಯ ಚಿತ್ರವನ್ನೂ ಹಾಕಿ. ಒಂದೇ ಬ್ರ್ಯಾಂಡಿನ ಪದಾರ್ಥಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ.