ಕೆಮಿಸ್ಟ್ರಿ ಜೊತೆ ಕಾಮರ್ಸ್ ಓದಲು ದಾರಿ ಇದೆಯಾ?

ಶಿರಸಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಪಿಯುಸಿ ಸೈನ್ಸ್ ಈಗಷ್ಟೇ ಮುಗಿಸಿದ್ದೇನೆ. ಮನೆಯಲ್ಲಿ ಅಡಿಕೆ ತೋಟ, ಜೊತೆಗೆ 22 ಜೇನುಪೆಟ್ಟಿಗೆ ಇವೆ. ಎಲ್ಲ ತುಡುವೆ ಜೇನು. ಹೋದ ವರ್ಷ ಮೇ ಕೊನೆಯಲ್ಲಿ, ಮಳೆ ಹನಿಯುವ ಹೊತ್ತಿಗೆ ತೆಗೆದ ಜೇನುತುಪ್ಪ ನಲವತ್ತು ಬಾಟಲಿ ಹುಳಿ ಬಂತು. ಮುಚ್ಚಳ ತೆಗೆದರೆ ನೊರೆ. ಅಂಗಡಿಯವರು ಎಲ್ಲ ವಾಪಸ್ ಕಳಿಸಿದರು. ಆಯಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಜೇನುಹುಳುಗಳು ಗೂಡಿನ ಕಣ್ಣುಗಳನ್ನು ಮೇಣದಿಂದ ಪೂರ್ತಿ ಮುಚ್ಚುವ ಮೊದಲೇ ತೆಗೆದರೆ ತೇವಾಂಶ ಜಾಸ್ತಿ ಇರುತ್ತದೆ, ಆಗ ತುಪ್ಪದಲ್ಲಿರುವ ಯೀಸ್ಟ್ ಕೆಲಸ ಶುರು ಮಾಡುತ್ತದೆ ಅಂತ ಆಮೇಲೆ ಓದಿ ತಿಳಿದೆ. ತೇವಾಂಶ ಶೇ. 20 ಮೀರಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮವೇ ಇದೆ. ಅದನ್ನು ಅಳೆಯುವ ರಿಫ್ರಾಕ್ಟೋಮೀಟರ್ ಹೆಸರನ್ನೂ ನಾವು ಕೇಳಿರಲಿಲ್ಲ.

ನನ್ನನ್ನು ಇನ್ನೂ ಕಾಡುತ್ತಿರುವುದು ಬೇರೆ. ನಷ್ಟ ಎಷ್ಟಾಯ್ತು ಅಂತ ಕೇಳಿದಾಗ ಮನೆಯಲ್ಲಿ ಯಾರಿಗೂ ಹೇಳಲು ಆಗಲಿಲ್ಲ. ಬಾಟಲಿ, ಲೇಬಲ್, ಅಪ್ಪನ ಓಡಾಟ, ಯಾವುದನ್ನೂ ಬರೆದಿಟ್ಟಿಲ್ಲ.

ಅದಕ್ಕೇ ನನಗೆ ಎರಡೂ ಕಲಿಯಬೇಕು. ಕಾಲೇಜಿನಲ್ಲಿ ಕೇಳಿದರೆ ಒಂದನ್ನು ಆರಿಸಿಕೋ ಅಂದರು. ಬೇರೆ ದಾರಿಯೇ ಇಲ್ವಾ?

2021ರ ಬ್ಯಾಚ್, ಮೈಸೂರು

ನಮ್ಮ ಬ್ಯಾಚಿಗೇ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂದದ್ದು. ಬಾಟನಿ, ಕೆಮಿಸ್ಟ್ರಿ ಜೊತೆಗೆ ಮೊದಲ ನಾಲ್ಕು ಸೆಮಿಸ್ಟರ್ ಓಪನ್ ಎಲೆಕ್ಟಿವ್, ಅಂದರೆ ಬೇರೆ ವಿಭಾಗದಿಂದ ಆರಿಸಿಕೊಳ್ಳುವ ಪೇಪರ್ ಇತ್ತು, ತಲಾ 3 ಕ್ರೆಡಿಟ್. ಕಾಮರ್ಸ್ ವಿಭಾಗದ ಪೇಪರ್ ತೆಗೆದುಕೊಂಡೆ. ಲೆಕ್ಕಪತ್ರ ಅಂದರೆ ಏನು ಅಂತ ಗೊತ್ತಾಯ್ತು, ಅಷ್ಟೇ. ಬ್ಯಾಲೆನ್ಸ್ ಶೀಟ್ ಓದುವಷ್ಟು ಬರಲಿಲ್ಲ. 2024-25ರಿಂದ ನಮ್ಮ ರಾಜ್ಯ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ಆ ದಾರಿ ನಂಬಿ ಕೂರಬೇಡ.

ಇನ್ನೊಂದು ಮಾತು. ಬಿ.ಎಸ್ಸಿ. ಮಾಡಿದವರು ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಎಂಬಿಎಗೆ ಹೋಗಬಹುದು. ಬಿ.ಕಾಂ. ಮಾಡಿ ಎಂ.ಎಸ್ಸಿ. ಕೆಮಿಸ್ಟ್ರಿಗೆ ಹೋಗಲು ಆಗಲ್ಲ. ಒಂದನ್ನೇ ಆರಿಸಬೇಕು ಅಂತ ಬಂದರೆ ಸೈನ್ಸ್ ಬಿಡಬೇಡ.

ಹಾಸನದಿಂದ

ತಂಗಿ, ದಾರಿ ಇದೆ. ಒಟ್ಟಿಗೆ ಎರಡು ಡಿಗ್ರಿ ಮಾಡಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಒಪ್ಪಿದೆ. ಒಂದು ಕಾಲೇಜಿಗೆ ಹೋಗಿ, ಇನ್ನೊಂದು ದೂರಶಿಕ್ಷಣದಲ್ಲಿ. ನಾನು ಬಿ.ಎಸ್ಸಿ. ಜೊತೆ ಬಿ.ಕಾಂ. ಓದುತ್ತಿದ್ದೇನೆ. ದೂರಶಿಕ್ಷಣದ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯಾ ಅಂತ ಮೊದಲು ನೋಡು.

ಕಷ್ಟ ಇರುವುದು ಪರೀಕ್ಷೆ ಹೊತ್ತಿನಲ್ಲಿ. ಹೋದ ಸಲ ಬೆಳಿಗ್ಗೆ ಕೆಮಿಸ್ಟ್ರಿ ಪ್ರಾಕ್ಟಿಕಲ್, ಮರುದಿನ ಕಾಸ್ಟ್ ಅಕೌಂಟಿಂಗ್. ಲ್ಯಾಬ್ ರೆಕಾರ್ಡ್ ಬರೆದು ಮುಗಿಸುವಾಗ ರಾತ್ರಿ ಒಂದು ಗಂಟೆ. ಎರಡನ್ನೂ ಒಂದೇ ತಿಂಗಳು ಶುರು ಮಾಡಬೇಡ. ದೂರಶಿಕ್ಷಣ ಕೊಡುವ ಇಗ್ನೋ ವಿಶ್ವವಿದ್ಯಾಲಯದಲ್ಲಿ ಜನವರಿಯಲ್ಲೂ ಪ್ರವೇಶ ಇರುತ್ತದೆ. ಮೊದಲು ಲ್ಯಾಬ್ ಅಭ್ಯಾಸವಾಗಲಿ.

ಇಂಗ್ಲೆಂಡಿನಿಂದ, ಮೂಲ ಸಾಗರ

ಇಲ್ಲಿನ ಓಪನ್ ಯೂನಿವರ್ಸಿಟಿಯಲ್ಲಿ ಓಪನ್ ಡಿಗ್ರಿ ಅಂತಲೇ ಇದೆ. ಒಟ್ಟು 360 ಕ್ರೆಡಿಟ್, ವಿಷಯ ನಾವೇ ಜೋಡಿಸಿಕೊಳ್ಳಬಹುದು. ಕೆಲಸ ಮಾಡುತ್ತಲೇ ಬಯಾಲಜಿ, ಬಿಸಿನೆಸ್ ಮ್ಯಾನೇಜ್‌ಮೆಂಟ್ ಓದುತ್ತಿದ್ದೇನೆ. ಮೊದಲ ಹಂತದಲ್ಲಿ ಕಂಡದ್ದೆಲ್ಲ ಆರಿಸಿದೆ. ಮೂರನೇ ಹಂತಕ್ಕೆ ಬಂದಾಗ ಬೇಕಾದ ಬಯಾಲಜಿ ಪಾಠಕ್ಕೆ ಅಡಿಪಾಯವೇ ಸಾಲಲಿಲ್ಲ, ಒಂದು ವರ್ಷ ಜಾಸ್ತಿ ಹಿಡಿಯಿತು. ಸ್ವಾತಂತ್ರ್ಯ ಇದೆ ಅಂತ ಚದುರಿ ಓದಬೇಡಮ್ಮ. ಎರಡೇ ಎಳೆ ಹಿಡಿ, ಕೊನೆವರೆಗೂ ಬಿಡಬೇಡ.

ಶಿರಸಿ ಹುಡುಗಿ

ಅಕ್ಕ, ಅಣ್ಣ, ಎಲ್ಲರಿಗೂ ಥ್ಯಾಂಕ್ಸ್. ಬಿ.ಎಸ್ಸಿ.ಗೆ ಅರ್ಜಿ ಹಾಕುತ್ತೇನೆ, ಕೆಮಿಸ್ಟ್ರಿ ಜೊತೆ ಮೈಕ್ರೋಬಯಾಲಜಿ ಸಿಗುವ ಕಾಲೇಜು ಹುಡುಕುತ್ತಿದ್ದೇನೆ. ಬಿ.ಕಾಂ. ಜನವರಿಗೆ.

ನಿನ್ನೆ ಆಯಿ ಜೊತೆ ಕೂತು ಒಂದು ಬಾಟಲಿಗೆ ಬೀಳುವ ಖರ್ಚು ಬರೆದೆ. ಅಪ್ಪನ ಓಡಾಟದ ಸಾಲು ಮಾತ್ರ ಖಾಲಿ ಇದೆ. ಮನೆಯವರ ಕೂಲಿಯನ್ನು ಲೆಕ್ಕದಲ್ಲಿ ಹೇಗೆ ಹಿಡಿಯುತ್ತಾರೆ? ಕಾಮರ್ಸ್ ಓದಿದವರು ಯಾರಾದರೂ ಹೇಳ್ತೀರಾ?